ಬಿಟ್ಟ ಪ್ರಶ್ನೆಗಳು

ಆ ದಿನ ಬೆಳಗ್ಗೆ ಮಗಳೂ ನಾನೂ ಹಿತ್ತಿಲ ಬಾಗಿಲಲ್ಲಿ ನಿಂತು ಹೊದಿಕೆ ಹಿಂಡುತ್ತಿದ್ದೆವು. ದಪ್ಪ ಹೊದಿಕೆ, ಒಬ್ಬರ ಕೈಗೆ ಬಗ್ಗುವುದಲ್ಲ. ಎದುರುಬದುರು ನಿಂತು ಇಬ್ಬರೂ ತಂತಮ್ಮ ಬಲಕ್ಕೆ ತಿರುಚುತ್ತಿದ್ದೆವು. ನೀರು ಸುರಿದು ಇಬ್ಬರ ಪಾದಗಳೂ ನೆನೆದಿದ್ದವು. ಅಷ್ಟರಲ್ಲಿ ಒಳಗಿನಿಂದ ನನ್ನ ಗಂಡನ ದನಿ ಬಂತು.

"ಅವಳನ್ನ ಒಳಗೆ ಕಳಿಸು."

ಮಗಳು ತಟ್ಟನೆ ಕೈಬಿಟ್ಟಳು. ತಿರುಚಿದ ಹೊದಿಕೆ ಗಿರ್ರನೆ ಬಿಚ್ಚಿಕೊಂಡು ಕೆಸರಿಗೆ ಬಿತ್ತು. ಅವಳು ಬೆಚ್ಚಿ ನನ್ನ ಮುಖ ನೋಡಿದಳು.

"ಹೋಗಲಿ ಬಿಡು, ಇನ್ನೊಂದ್ಸಲ ಜಾಲಿಸ್ತೀನಿ. ಅಪ್ಪ ಕರೀತಿದ್ದಾರೆ, ಹೋಗು."

ಕರೆದದ್ದು ಅವಳನ್ನಲ್ಲ, ನನ್ನನ್ನು. ಅವಳ ಹೆಸರು ಹಿಡಿದು ಅವರು ಕರೆಯದೆ ತಿಂಗಳುಗಳೇ ಆಗಿದ್ದವು. "ಅವಳಿಗೆ ಊಟಕ್ಕೆ ಹೇಳು", "ಅವಳ ಚಪ್ಪಲಿ ಕಿತ್ತುಹೋಗಿದೆಯಂತೆ ನೋಡು", ಹೀಗೆ ಎಲ್ಲವೂ ನನ್ನ ಮೂಲಕವೇ. ಅಪ್ಪ ಮಗಳ ನಡುವೆ ನಾನೊಂದು ಕಿಟಕಿಯಾಗಿದ್ದೆ.

ಮೊದಲು ಹೀಗಿರಲಿಲ್ಲ. ನಮ್ಮ ಅತ್ತೆ ಮೊಮ್ಮಗಳಿಗೆ ಇಟ್ಟ ಹೆಸರು ರೇಡಿಯೋ. ಬೆಳಗ್ಗೆ ಕಣ್ಣು ಬಿಟ್ಟರೆ ಶುರು, ರಾತ್ರಿ ನಿದ್ದೆ ಬಂದರೆ ಬಂದ್. ಸಂಜೆ ಅಪ್ಪ ಗಾಜಿನಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟು ಹೊತ್ತೂ ಅವಳು ಬಚ್ಚಲ ಬಾಗಿಲಿಗೆ ಒರಗಿ ಮಾತಾಡುತ್ತಿದ್ದಳು. ಅವರೂ ಅಂಗಡಿಯ ಸುದ್ದಿ ಹೇಳುತ್ತಿದ್ದರು. ಯಾರೋ ಸಾಹೇಬರು ಕನ್ನಡಿ ಕೊಳ್ಳಲು ಬಂದು, ಇದರಲ್ಲಿ ನಾನು ದಪ್ಪ ಕಾಣ್ತೀನಿ, ಬೇರೆ ತೋರಿಸಿ ಅಂದದ್ದು. ಅಕ್ವೇರಿಯಂ ಮಾಡಿಸಿಕೊಂಡವನು ಮೀನು ಸತ್ತಿತೆಂದು ಗಾಜು ವಾಪಸ್ ತಂದದ್ದು. ಇಬ್ಬರೂ ಸೇರಿ ನಗುತ್ತಿದ್ದರೆ ಒಲೆಯ ಮುಂದೆ ನಾನೂ ನಗುತ್ತಿದ್ದೆ.

ಹೋದ ವರ್ಷ ಅವಳು ಸರ್ಕಾರಿ ಫಾರ್ಮಸಿ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದಳು. ಒಂದೊಂದು ಪ್ರಶ್ನೆಗೂ ಕೆಳಗೆ ನಾಲ್ಕು ಉತ್ತರ, ಸರಿಯಾದ್ದಕ್ಕೆ ಗುರುತು ಹಾಕಬೇಕು. ಸರಿಯಾದರೆ ನಾಲ್ಕು ಅಂಕ. ತಪ್ಪಾದರೆ ಬಂದದ್ದರಲ್ಲೇ ಒಂದು ಅಂಕ ಕಡಿತ. ಬಿಟ್ಟರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮ್ಮ ರೇಡಿಯೋ ಒಂದನ್ನೂ ಬಿಡದೆ ಎಲ್ಲಕ್ಕೂ ಗುರುತು ಹಾಕಿ ಬಂದಳು. ಸೀಟು ಕೂದಲೆಳೆಯಲ್ಲಿ ತಪ್ಪಿತು.

ಇವರು ಕೂತು ಲೆಕ್ಕ ಹಾಕಿದರು. ತಪ್ಪು ಉತ್ತರಗಳಿಗೆ ಕಳೆದದ್ದನ್ನೆಲ್ಲ ಕೂಡಿಸಿದರು. ಕೂಡಿಸಿ, "ಈ ತಪ್ಪುಗಳನ್ನ ಬರೀದೆ ಸುಮ್ಮನೆ ಬಿಟ್ಟಿದ್ರೆ ಸೀಟು ನಿಂದೇ ಆಗಿತ್ತು" ಎಂದರು.

"ಊಹೆ ಮಾಡಿ ಬರೆದಿದ್ರಲ್ಲಿ ಸರಿ ಬಂದಿದ್ದೂ ಇದೆ ಅಪ್ಪಾ" ಎಂದಳು ಮಗಳು. "ಅದನ್ನೂ ಲೆಕ್ಕ ಹಾಕಿ."

ಅವರು ಅದನ್ನು ಲೆಕ್ಕ ಹಾಕಲಿಲ್ಲ. ಎದ್ದು ಹೋದರು. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಇನ್ನೊಂದೇ ಒಂದು ಸಲ ಬರೆಯಲಿ, ಆಗಲಿಲ್ಲವೆಂದರೆ ನಮ್ಮ ಅಂಗಡಿಯ ಬಿಲ್ಲು ಬರೆಯುವ ಮೇಜಿಗೆ ಬಂದು ಕೂರಲಿ, ಮಾಲೀಕರ ಹತ್ತಿರ ಮಾತಾಡಿದ್ದೇನೆ ಎಂದು ನನಗೆ ಹೇಳಿದರು. ನಾನು ಅವಳಿಗೆ ಹೇಳಿದೆ.

ಈಗ ಒಳಗೆ ಕರೆದದ್ದು ಒಂದು ಜಾಡಿ ತೋರಿಸಲಿಕ್ಕೆ. ಖಾಲಿ ಗಾಜಿನ ಜಾಡಿ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಹಸಿರು ಛಾಯೆಯ ಗಾಜಿನ ಚೂರುಗಳು. ಅಂಗಡಿಯಲ್ಲಿ ಕತ್ತರಿಸಿ ಉಳಿದದ್ದನ್ನು ಉಗುರಿನಷ್ಟಗಲ ಮಾಡಿ, ಕೈ ಕೊಯ್ಯದ ಹಾಗೆ ಒಂದೊಂದರ ಅಂಚನ್ನೂ ಉಜ್ಜಿ ತಂದಿದ್ದರು. ಊಟದ ವಿರಾಮದಲ್ಲಿ ಕೂತು ಉಜ್ಜಿದ್ದಿರಬೇಕು. ಮಗಳ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಗೆ ಹೇಳಲಿ?

"ದಿನಾ ಊಟಕ್ಕೆ ಕೂತಾಗ ನಾನು ಪ್ರಶ್ನೆ ಕೇಳ್ತೀನಿ" ಎಂದರು ನನ್ನ ಕಡೆ ನೋಡುತ್ತ. "ಸರಿಯಾದ್ರೆ ಜಾಡಿಗೆ ನಾಲ್ಕು ಚೂರು. ತಪ್ಪಾದ್ರೆ ಜಾಡಿಯಿಂದ ಒಂದು ಚೂರು ವಾಪಸ್ಸು ಡಬ್ಬಿಗೆ. ಬಿಟ್ರೆ ಏನೂ ಇಲ್ಲ. ಜಾಡಿ ತುಂಬಿದ್ರೆ ಸೀಟು ಸಿಕ್ಕ ಹಾಗೇ ಲೆಕ್ಕ. ಅವಳಿಗೆ ಅರ್ಥ ಆಯ್ತಾ ಕೇಳು."

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ, "ಅವಳೇನು ಕಿವುಡಿಯೇನೋ? ಎದುರಿಗೇ ನಿಂತಿದ್ದಾಳೆ" ಎಂದರು.

"ಅರ್ಥ ಆಯ್ತು" ಎಂದಳು ಮಗಳು. ಅವಳ ಕಣ್ಣು ಹೊಳೆಯುತ್ತಿತ್ತು. ಪ್ರಶ್ನೆ ಕೇಳಬೇಕಾದರೆ ಅಪ್ಪ ತನ್ನನ್ನೇ ನೋಡಿ ಕೇಳಬೇಕಲ್ಲ, ಅದಕ್ಕೆ.

ಅಂದಿನಿಂದ ಸಂಜೆಯ ಊಟ ಹೀಗೆ ನಡೆಯಿತು. ನಾನು ಅನ್ನ ಬಡಿಸಿ, ಬೇಳೆ ಹಾಕಿ, ಬೇಯಿಸಿದ ಮೊಟ್ಟೆ ಇಡುವ ಹೊತ್ತಿಗೆ ಇವರು ಎಡಗೈಯಲ್ಲಿ ಗೈಡ್ ಪುಸ್ತಕ ಹಿಡಿದಿರುತ್ತಿದ್ದರು.

"ರಕ್ತ ಹೆಪ್ಪುಗಟ್ಟೋದಕ್ಕೆ ಬೇಕಾದ ವಿಟಮಿನ್ ಯಾವುದು? ಎ, ಸಿ, ಡಿ, ಕೆ."

"ಕೆ."

ನಾಲ್ಕು ಚೂರು ಜಾಡಿಗೆ.

"ಹೊಟ್ಟೆಯಲ್ಲಿ ಸ್ರವಿಸುವ ಆಮ್ಲ..."

"ಊಟದ ಹೊತ್ತಲ್ಲಿ ಹೊಟ್ಟೆ ಒಳಗಿನ ಸುದ್ದಿ ಯಾಕೋ?" ಅತ್ತೆ ತಟ್ಟೆ ದೂಡಿದರು. "ನಂಗೆ ಹಲ್ಲಿಲ್ಲದೆ ಈ ಅನ್ನ ಇಳೀತಿಲ್ಲ, ಅದನ್ನ ಕೇಳು."

ಮಗಳು ಕಿಸಕ್ಕೆಂದಳು. ಇವರ ತುಟಿಯಂಚೂ ಅಲುಗಿತು. ಪರವಾಗಿಲ್ಲ, ಹೀಗಾದರೂ ಸರಿಹೋಗುತ್ತದೆ ಅಂದುಕೊಂಡೆ.

"ಮನುಷ್ಯನ ದೇಹದಲ್ಲಿ ಎಲ್ಲಕ್ಕಿಂತ ದೊಡ್ಡ ಗ್ರಂಥಿ?"

"ಮೇದೋಜೀರಕ ಗ್ರಂಥಿ."

ಇವರು ತುತ್ತು ಕೆಳಗಿಟ್ಟು, ಕೈ ಒರೆಸಿಕೊಂಡು, ಜಾಡಿಯೊಳಗೆ ಬೆರಳು ಹಾಕಿ ಒಂದು ಚೂರು ತೆಗೆದು ಡಬ್ಬಿಗೆ ಬಿಟ್ಟರು. ಟಣ್ ಎಂದಿತು. ಆಮೇಲೆ ಪುಸ್ತಕ ಮುಚ್ಚಿಟ್ಟು ಊಟ ಮುಗಿಸಿದರು. ಅವತ್ತಿಗೆ ಪ್ರಶ್ನೆಗಳು ಮುಗಿದವು. ಸರಿ ಉತ್ತರ ಯಕೃತ್ತು ಅಂತ ಕೂಡ ಅವರು ಹೇಳಲಿಲ್ಲ. ಮಗಳೇ ಆಮೇಲೆ ಪುಸ್ತಕ ತೆರೆದು ನೋಡಿಕೊಂಡಳು.

ಎಂಟು ಹತ್ತು ದಿನದಲ್ಲಿ ಅವಳು ಕಲಿತಳು. ತಪ್ಪು ಹೇಳಿದರೆ ಪುಸ್ತಕ ಮುಚ್ಚುತ್ತದೆ; ಸುಮ್ಮನಿದ್ದರೆ ಅಪ್ಪ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆಮೇಲೆ ಪೂರ್ತಿ ಗೊತ್ತಿದ್ದದ್ದಕ್ಕೆ ಮಾತ್ರ ಬಾಯಿ ಬಿಟ್ಟಳು. ಉಳಿದದ್ದಕ್ಕೆ ತಟ್ಟೆ ನೋಡುತ್ತ ಕೂರುತ್ತಿದ್ದಳು. ಡಬ್ಬಿ ಟಣ್ ಎನ್ನುವುದು ನಿಂತುಹೋಯಿತು. ಜಾಡಿ ಮೆಲ್ಲಗೆ ತುಂಬತೊಡಗಿತು.

"ನೋಡಿದ್ಯಾ?" ಎಂದರು ಇವರು ನನಗೆ. "ಗಾಜು ಕತ್ತರಿಸೋ ಹಾಗೇ ಇದೂ. ಅಳತೆ ಅನುಮಾನ ಇದ್ರೆ ಗೆರೆ ಎಳೀಬಾರದು. ಒಂದ್ಸಲ ಗೆರೆ ಎಳೆದ್ರೆ ಮುಗೀತು, ಗಾಜು ನಿನ್ನ ಮಾತು ಕೇಳಲ್ಲ. ಅಂಗಡೀಲಿ ನನ್ನ ಜೊತೆ ಸೇರಿದವರೆಲ್ಲ ಗಾಜಿನ ಹಾಳೆ ಒಡೆದು ಸಂಬಳ ಕಡಿತ ಮಾಡಿಸ್ಕೊಂಡಿದ್ದಾರೆ. ನಂದು ಒಂದೂ ಇಲ್ಲ. ಯಾಕೆ? ಅನುಮಾನ ಬಂದಿದ್ದನ್ನ ಪಕ್ಕಕ್ಕಿಡ್ತೀನಿ."

"ಅದಕ್ಕೇ ನೀನಿನ್ನೂ ಅದೇ ಬೆಂಚಿನ ಮೇಲಿದ್ದೀಯ" ಎಂದರು ಅತ್ತೆ. "ನೀನು ಹುಟ್ಟಿದಾಗಲೂ ಹಾಗೇ. ಸೂಲಗಿತ್ತಿ ಬೆನ್ನಿಗೆ ನಾಲ್ಕು ಬಾರಿಸಿದ ಮೇಲೆ, ಹುಟ್ಟಿದ್ದು ನಿಜಾನೇ ಅಂತ ಖಚಿತ ಮಾಡ್ಕೊಂಡೇ ನೀನು ಅಳೋಕೆ ಶುರು ಮಾಡಿದ್ದು."

ಮಗಳು ನಗಲಿಲ್ಲ. "ಅಪ್ಪಾ..." ಎಂದಳು.

ಇವರು ನನ್ನನ್ನು ನೋಡಿದರು. "ಏನಂತೆ?"

"ಏನಿಲ್ಲ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಈ "ಅಪ್ಪಾ", ಅದರ ಹಿಂದೆ "ಏನಿಲ್ಲ", ದಿನ ಬಿಟ್ಟು ದಿನ ಕೇಳಿಬರುತ್ತಿತ್ತು. ಏನೋ ಕೇಳಬೇಕೆಂದಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು, "ಏನು ಕೇಳಬೇಕು ಮಗಳೇ? ನನ್ನ ಕೇಳು" ಎಂದರೆ, "ನಿನ್ನ ಕೇಳೋದಲ್ಲಮ್ಮ" ಎನ್ನುತ್ತಿದ್ದಳು.

ನಾನು ಮನೆಯಲ್ಲೇ ಕೂತು ದರ್ಜಿಯಂಗಡಿಯ ಶಾಲೆ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತೇನೆ. ಒಂದು ದಿನ ನೀಲಿ ದಾರ ಮುಗಿಯಿತು. ಹೊಲಿಯುತ್ತಿದ್ದ ಅಂಗಿ ಅವಳಿಗೆ ತೋರಿಸಿ, ಇದೇ ಬಣ್ಣದ್ದು ತಾ ಎಂದು ಕಳಿಸಿದೆ. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದಳು.

"ಅಂಗಡಿ ಮುಚ್ಚಿತ್ತಾ?"

"ಇಲ್ಲ. ಎರಡು ಥರದ ನೀಲಿ ತೋರಿಸಿದ್ರು. ಯಾವುದು ಅಂತ ಗೊತ್ತಾಗ್ಲಿಲ್ಲ."

"ಅಂದಾಜಿಗೆ ಒಂದು ತರೋದಲ್ವಾ? ತಪ್ಪಾದ್ರೆ ಬದಲಾಯಿಸಿಕೊಂಡು ಬರಬಹುದಿತ್ತು. ಇಲ್ಲಾಂದ್ರೆ ನಾನೇ ಹೇಗೋ ಹೊಂದಿಸ್ತಿದ್ದೆ."

ಅವಳು ನನ್ನ ಮುಂದಿದ್ದ ಅಂಗಿಯನ್ನೇ ನೋಡುತ್ತ ನಿಂತಳು. ಬೈಯಲು ನನಗೆ ಬಾಯಿ ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಾನೇ ಹೋಗಿ ತಂದೆ.

ಅಂಗಡಿಯ ದಾರಿಯಲ್ಲೇ ಟೈರ್ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಅವಳ ಕೋಚಿಂಗ್ ತರಗತಿ. ಮೆಟ್ಟಿಲ ಬುಡದಲ್ಲಿ ಅವಳ ಮೇಷ್ಟ್ರು ಸಿಕ್ಕಿದರು. ನನ್ನನ್ನು ನೋಡಿ ನಿಂತರು.

"ಅಮ್ಮಾ, ನಿಮ್ಮ ಮಗಳದ್ದು ಒಂದು ವಿಚಾರ. ಬುದ್ಧಿ ಚುರುಕಾಗಿದೆ. ನಾಲ್ಕು ಉತ್ತರದಲ್ಲಿ ಎರಡು ಖಂಡಿತ ಅಲ್ಲ ಅಂತ ತಾನೇ ಹೊಡೆದು ಹಾಕ್ತಾಳೆ. ಉಳಿದ ಎರಡರಲ್ಲಿ ಒಂದಕ್ಕೆ ಗುರುತು ಹಾಕಮ್ಮ ಅಂದ್ರೆ ಪೆನ್ನು ಮುಚ್ಚಿಡ್ತಾಳೆ."

"ತಪ್ಪಾದ್ರೆ ಕಡಿತ ಆಗುತ್ತಲ್ಲ ಮೇಷ್ಟ್ರೇ."

"ಆಗುತ್ತೆ, ಒಂದು. ಸರಿಯಾದ್ರೆ ಬರೋದು ನಾಲ್ಕು. ಅಂಥ ಎರಡು ಪ್ರಶ್ನೇಲಿ ಒಂದು ಸರಿ, ಒಂದು ತಪ್ಪಾದ್ರೂ ಮೂರು ಉಳೀತಲ್ಲ ಕೈಯಲ್ಲಿ? ಬಿಟ್ರೆ ಏನುಳೀತು? ಏನೂ ತಲೆಬುಡ ಗೊತ್ತಿಲ್ಲದ್ದನ್ನ ಬಿಡಲಿ, ಬೇಡ ಅನ್ನಲ್ಲ. ಅರ್ಧ ಗೊತ್ತಿದ್ದಿದ್ದನ್ನ ಬಿಡಬಾರದು. ಮನೇಲಿ ಸ್ವಲ್ಪ ಹೇಳಿ."

ಮನೆಯಲ್ಲಿ ಹೇಳಿದೆ. ಇವರು ಸ್ನಾನ ಮುಗಿಸಿ ಕೂದಲು ಒರೆಸಿಕೊಳ್ಳುತ್ತಿದ್ದರು.

"ಅವರಿಗೇನು? ಫೀಸು ಮೊದಲೇ ಬಂತು. ಸೀಟು ಹೋದ್ರೆ ಹೋಗೋದು ನಮ್ಮದು."

"ಲೆಕ್ಕ ಸರಿಯಾಗಿದೆ ರೀ. ನೀವೇ ಹಾಕಿ ನೋಡಿ."

"ಹೋದ ವರ್ಷ ಲೆಕ್ಕ ಹಾಕಿದ್ದೆ. ನೀನೇ ನೋಡಿದ್ದೆ."

"ಕಳೆದದ್ದು ಮಾತ್ರ ಹಾಕಿದ್ರಿ. ಬಂದದ್ದನ್ನ ಹಾಕಲಿಲ್ಲ."

ಟವಲನ್ನು ಕುರ್ಚಿಯ ಮೇಲೆ ಎಸೆದರು. "ನಿನ್ನ ಗುಂಡಿ ಕೆಲಸ ನೀನು ನೋಡ್ಕೋ. ಗುಂಡಿ ತಪ್ಪಿದ್ರೆ ಬಿಚ್ಚಿ ಹೊಲೀಬಹುದು. ನಂದು ಬಿಚ್ಚೋ ಕೆಲಸ ಅಲ್ಲ."

ಪಡಸಾಲೆಯಲ್ಲಿ ಓದುತ್ತಿದ್ದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಊಟದಲ್ಲಿ ಅವಳು ಮೇಷ್ಟ್ರ ಮಾತು ಕೇಳುತ್ತಾಳೋ ಅಪ್ಪನ ಮಾತು ಕೇಳುತ್ತಾಳೋ ಎಂದು ನಾನು ಕಾದು ನೋಡಿದೆ. ಅರ್ಧಕ್ಕರ್ಧ ಪ್ರಶ್ನೆಗಳಿಗೆ ತಟ್ಟೆ ನೋಡಿದಳು. ಟೈರ್ ಅಂಗಡಿಯ ಮೇಲಿನ ಮೇಷ್ಟ್ರು ಅವಳ ಜೊತೆ ಮಾತು ಬಿಟ್ಟರೆ ಅವಳಿಗೇನೂ ನಷ್ಟವಿರಲಿಲ್ಲವಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಗಿನ ತಿಂಡಿಯಾದ ಮೇಲೆ ಒಂದು ಮಾತ್ರೆ, ಸಂಜೆ ಒಂದು. ನುಂಗುವುದು ಅವರೇ. ನೆನಪಿಸುವುದು ಮಾತ್ರ ರೇಡಿಯೋ ಕೆಲಸ. "ನಾಳೆ ಊರಿಗೆಲ್ಲ ಮಾತ್ರೆ ಕೊಡೋಳು ನೀನು, ಮೊದಲು ನನ್ನ ಮೇಲೆ ಕೈ ಪಳಗಿಸ್ಕೋ" ಎಂದು ಅವರೇ ಹಚ್ಚಿದ ಕೆಲಸ ಅದು.

ಪರೀಕ್ಷೆಗೆ ಮೂರು ವಾರವಿದ್ದಾಗ ಒಂದು ದಿನ ನಾನು ಅಂಗಿಗಳ ಗಂಟು ಹೊತ್ತು ದರ್ಜಿಯಂಗಡಿಗೆ ಹೋಗಿದ್ದೆ. ವಾಪಸ್ ಬರುವಾಗ ನಮ್ಮ ಬಾಗಿಲಲ್ಲಿ ನೆರೆಯವರು ಗುಂಪುಗೂಡಿದ್ದರು. ಅತ್ತೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಮೈಯೆಲ್ಲ ಬೆವರು, ಮಾತು ತೊದಲು, ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಮಗಳು ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು.

ನರ್ಸ್ ಬೆರಳಿಗೆ ಸೂಜಿ ಚುಚ್ಚಿ ನೋಡಿ, "ಸಕ್ಕರೆ ತಳ ಸೇರಿದೆ" ಎಂದು ಓಡಿ ಹೋಗಿ ಗ್ಲೂಕೋಸ್ ಬಾಟಲಿ ತಂದು ಹಾಕಿದಳು. ಆಮೇಲೆ ತಿರುಗಿ, "ಮಾತ್ರೆ ಎಷ್ಟು ತಗೊಂಡ್ರು? ಮನೇಲಿ ಯಾರಿದ್ರಿ?"

"ನಾನು" ಎಂದಳು ಮಗಳು.

"ಎರಡು ಸಲ ತಗೊಂಡ್ರಾ?"

ಮಗಳು ನೆಲ ನೋಡಿದಳು.

"ನಿನ್ನೇ ಕೇಳ್ತಿರೋದು. ಎರಡು ಸಲ ತಗೊಂಡ್ರಾ ಇಲ್ವಾ?"

ತುಟಿ ಬಿಗಿದು ನಿಂತಿದ್ದಳು. ಊಟಕ್ಕೆ ಕೂತಾಗ ತಟ್ಟೆ ನೋಡುವ ಮುಖವೇ ಅದು.

"ಏನಮ್ಮಾ, ಬಾಯಿಗೆ ಹೊಲಿಗೆ ಹಾಕಿದಾರಾ? ಅನುಮಾನ ಇದ್ರೆ ಅನುಮಾನ ಅಂತ ಹೇಳು, ಅದೂ ಉತ್ತರಾನೇ" ಎಂದು ನರ್ಸ್ ರೇಗಿ ಹೋದಳು.

ಹೊರಗೆ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಬೆನ್ನು ಸವರಿದ ಮೇಲೆ ಬಾಯಿ ಬಿಟ್ಟಳು. ಬೆಳಗ್ಗೆ ಅಜ್ಜಿ, ನಾನು ಮಾತ್ರೆ ನುಂಗಿದ್ನೇನೇ ಎಂದು ಕೇಳಿದ್ದರಂತೆ. ಅಜ್ಜಿ ಲೋಟ ಎತ್ತಿ ನುಂಗಿದ್ದನ್ನು ಓದುತ್ತ ಓದುತ್ತ ಕಂಡಂತಿತ್ತು ಇವಳಿಗೆ.

"ಆದ್ರೆ ಅದು ಇವತ್ತು ನೋಡಿದ್ದೋ ನಿನ್ನೆ ನೋಡಿದ್ದೋ ಖಚಿತ ಇರಲಿಲ್ಲ ಅಮ್ಮ. ಸುಮ್ಮನಿದ್ದೆ. ಅಜ್ಜಿ, ಹಾಗಾದ್ರೆ ನುಂಗಿಲ್ಲ ಕಣೇ ಅಂತ ಮತ್ತೊಂದು ನುಂಗಿದಳು."

"ನುಂಗಿದ ಹಾಗಿದೆ, ಸ್ವಲ್ಪ ತಡಿ ಅಜ್ಜಿ ಅನ್ನೋದಲ್ವೇನೇ?"

"ತಪ್ಪಾಗಿದ್ರೆ?"

ಅವಳು ಅಳುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ.

ಇವರು ಅಂಗಡಿಯಿಂದ ನೇರ ಬಂದರು. ರೆಪ್ಪೆಯ ಮೇಲೆಲ್ಲ ಗಾಜಿನ ಪುಡಿ. ಅಮ್ಮನ ಹಾಸಿಗೆಯ ಪಕ್ಕ ನಿಂತು, ಬ್ಯಾಂಡೇಜಿನ ಕೈ ಮುಟ್ಟಿ ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಅವಳಿಗೆ ಖಚಿತ ಇರಲಿಲ್ಲ. ಹೇಳ್ಲಿಲ್ಲ. ಅದರಲ್ಲಿ ಅವಳ ತಪ್ಪೇನಿದೆ?" ಎಂದರು.

"ತಪ್ಪಿನ ಮಾತಲ್ಲ ರೀ..."

"ಸುಳ್ಳು ಹೇಳಿಲ್ಲವಲ್ಲ. ಅವಳನ್ನ ಯಾರೂ ಬೈಬಾರದು."

"ಹಾಗಾದ್ರೆ ನಿಮ್ಮಮ್ಮ ಏನು, ಖಾಲಿ ಬಿಟ್ಟ ಪ್ರಶ್ನೆಯಾ?"

ನನ್ನ ದನಿ ಏರಿತ್ತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮಗಳ ಮುಖದಲ್ಲಿ ಏನೋ ಅರಳಿದ್ದು ಕಂಡೆ. ಅಪ್ಪ ತನ್ನ ಪರ ಮಾತಾಡಿದ್ದರು. ತನ್ನ ಜೊತೆ ಅಲ್ಲ, ಆದರೂ ತನ್ನ ಪರ. ಇಷ್ಟು ತಿಂಗಳಲ್ಲಿ ಅವಳಿಗೆ ದಕ್ಕಿದ ದೊಡ್ಡ ತುತ್ತು ಅದೇ. ಕೈ ಮುರಿದದ್ದು ಅಜ್ಜಿಯದು. ಪಾಠ ಗಟ್ಟಿಯಾದದ್ದು ಮೊಮ್ಮಗಳಿಗೆ.

ಅತ್ತೆ ಮನೆಗೆ ಬಂದರು. ಬಲಗೈಗೆ ಪ್ಲಾಸ್ಟರು, ನಾನೇ ತುತ್ತು ಮಾಡಿ ಉಣಿಸಬೇಕಿತ್ತು. ಅವರು ಬಂದ ಸಂಜೆಯೇ ಇವರು ಜಾಡಿ ತಂದಿಟ್ಟರು. ಪರೀಕ್ಷೆ ಹತ್ತಿರ ಬಂತು, ಒಂದು ದಿನವೂ ತಪ್ಪಬಾರದು ಎಂದರು.

"ಇನ್ನೂ ಬೇಕೇನೋ ಇದು?" ಎಂದರು ಅತ್ತೆ.

"ಅಮ್ಮ, ಈ ತಿಂಗಳಲ್ಲಿ ಒಂದು ಚೂರೂ ವಾಪಸ್ ಹೋಗಿಲ್ಲ ಗೊತ್ತಾ?"

"ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ ಅಂತ ಕುಣೀತಿದ್ದೀಯ. ಹಾವು ಮನೇಲೇ ಇದೆಯಲ್ಲೋ ಪೆದ್ದ!"

ನಾನು ಅವರ ಬಾಯಿಗೆ ತುತ್ತಿಟ್ಟೆ. ಅದನ್ನು ಅಗಿಯುತ್ತಲೇ ಮೊಮ್ಮಗಳ ಕಡೆ ತಿರುಗಿದರು. "ರೇಡಿಯೋ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನೀನು ಬಾಯಿಟ್ಟುಕೊಂಡು ಉಪವಾಸ ಬೀಳಬೇಡ ಮಗಾ. ನನ್ನ ಕೈ ಕೂಡುತ್ತೆ, ಅದನ್ನ ನೆನೆಸ್ಕೊಂಡು ಕೂರಬೇಡ."

ಮಗಳು ಎದ್ದು ಬಂದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಉಳಿದದ್ದನ್ನು ತಾನೇ ಉಣಿಸಿದಳು. ಅತ್ತೆ ಎಡಗೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ನುಂಗಿದರು.

ಪರೀಕ್ಷೆಯ ಹಿಂದಿನ ಸಂಜೆ ಜಾಡಿ ಕಂಠಮಟ್ಟ ತುಂಬಿತು. ಇವರು ಮುಚ್ಚಳ ಹಾಕಿ ಕಪಾಟಿನ ಮೇಲಿಟ್ಟರು.

ಬೆಳಗ್ಗೆ ಅಂಗಡಿಗೆ ಅರ್ಧ ದಿನ ರಜೆ ಹಾಕಿ ನಮ್ಮ ಜೊತೆ ಬಂದರು. ಪರೀಕ್ಷೆ ನಡೆಯುವ ಶಾಲೆಯವರೆಗೂ ಅವರು ಮುಂದೆ, ನಾವಿಬ್ಬರು ಹಿಂದೆ. ಗೇಟಿನಲ್ಲಿ ಮಕ್ಕಳ ಜೇಬು, ಚಪ್ಪಲಿ ಎಲ್ಲ ತಪಾಸಣೆ ಮಾಡುತ್ತಿದ್ದರು. ಅಪ್ಪಂದಿರು ಮಕ್ಕಳ ಭುಜ ತಟ್ಟುತ್ತಿದ್ದರು. ಒಬ್ಬ ತಾಯಿ ಮಗನ ಬಾಯಿಗೆ ಅಲ್ಲೇ ಬಾಳೆಹಣ್ಣು ತುರುಕುತ್ತಿದ್ದಳು. ನಮ್ಮವಳು ಅಪ್ಪನಿಂದ ಒಂದು ಮಾರು ದೂರದಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು.

"ಅವಳಿಗೆ ಹೇಳು" ಎಂದರು ಇವರು ನನಗೆ. "ನೂರಕ್ಕೆ ನೂರು ಖಚಿತ ಇದ್ರೆ ಮಾತ್ರ."

ನನಗೆ ತಡೆಯಲಾಗಲಿಲ್ಲ. "ನಾನು ಹೇಳಲ್ಲ. ಅಲ್ಲೇ ನಿಂತಿದ್ದಾಳೆ. ಹೇಳೋದಿದ್ರೆ ನೀವೇ ಹೇಳಿ."

ಅವರು ಗೇಟಿನ ಕಬ್ಬಿಣದ ಸರಳು ನೋಡಿದರು. ಕೈ ಎತ್ತಿ ಕತ್ತು ಉಜ್ಜಿಕೊಂಡರು. ಇನ್ನೇನು ತಿರುಗುತ್ತಾರೆ ಅನ್ನಿಸಿತು ನನಗೆ. ಅವಳಿಗೂ ಅನ್ನಿಸಿರಬೇಕು, "ಅಪ್ಪಾ..." ಎಂದು ಒಂದು ಹೆಜ್ಜೆ ಮುಂದೆ ಬಂದಳು. ಗಂಟೆ ಹೊಡೆಯಿತು. ಇವರು ತಿರುಗಲಿಲ್ಲ. "ಏನಿಲ್ಲ" ಎಂದು ಅವಳು ಒಳಗೆ ಹೋದಳು.

ನಾನು ಅವಳ ಕಿವಿಯಲ್ಲಿ ಮೇಷ್ಟ್ರ ಮಾತು ಹೇಳಿ ಕಳಿಸಬೇಕೆಂದಿದ್ದೆ. ಹೇಳುವಷ್ಟರಲ್ಲಿ ಗೇಟು ಮುಚ್ಚಿದರು.

ಫಲಿತಾಂಶ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಕೂತಿದ್ದಾಗ. ಅತ್ತೆಯ ಪ್ಲಾಸ್ಟರು ಬಿಚ್ಚಿದ್ದರು, ಆದರೆ ಬೆರಳುಗಳು ಇನ್ನೂ ಮಡಚುತ್ತಿರಲಿಲ್ಲ. ಚಮಚ ಹಿಡಿದು ಒದ್ದಾಡುತ್ತಿದ್ದರು. ಮಗಳು ಎಂಜಲು ಕೈಯನ್ನು ಎತ್ತಿ ಹಿಡಿದು ಎಡಗೈಯಲ್ಲಿ ಫೋನು ನೋಡಿದಳು. ಬಹಳ ಹೊತ್ತು ನೋಡಿದಳು.

ಇವರ ತುತ್ತು ಅರ್ಧದಲ್ಲೇ ನಿಂತಿತ್ತು. "ಎಷ್ಟು ತಪ್ಪಂತೆ, ಕೇಳು" ಎಂದರು.

ನಾನು ಕೇಳುವ ಮೊದಲೇ ಅವಳು ಹೇಳಿದಳು. "ಒಂದೂ ಇಲ್ಲ."

ಇವರ ಮುಖ ಹಾಗೆ ಬೆಳಗಿದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. "ಕೇಳಿದ್ಯಾ ಅಮ್ಮ? ಒಂದೂ ತಪ್ಪಿಲ್ಲ! ಒಂದೇ ಒಂದೂ!" ತಮ್ಮ ತಟ್ಟೆಯ ಮೊಟ್ಟೆಯನ್ನೆತ್ತಿ ಮಗಳ ತಟ್ಟೆಗೆ ಹಾಕಿದರು. ಮಾತಾಡಲಿಲ್ಲ, ಮೊಟ್ಟೆ ಹಾಕಿದರು.

"ಸೀಟು ಬಂತೇನೇ?" ಎಂದರು ಅತ್ತೆ.

"ಇಲ್ಲ ಅಜ್ಜಿ."

"ಇಲ್ಲ ಅಂದ್ರೆ?" ಇವರು ನನ್ನ ಕಡೆ ತಿರುಗಿದರು. "ಇಲ್ಲ ಅಂದ್ರೆ ಏನಂತೆ?"

"ಹೋದ ವರ್ಷದಕ್ಕಿಂತ ತುಂಬಾ ಕಮ್ಮಿ ಬಂದಿದೆ" ಎಂದಳು ಮಗಳು, ಫೋನನ್ನು ತಟ್ಟೆಯ ಪಕ್ಕ ಇಡುತ್ತ.

"ಎಷ್ಟು ಬಿಟ್ಟಿದ್ದಾಳೆ, ಕೇಳು."

"ಅರ್ಧಕ್ಕಿಂತ ಜಾಸ್ತಿ."

ಇವರು ಕೈ ತೊಳೆಯದೆ ಫೋನು ಎಳೆದುಕೊಂಡರು. ಅದರಲ್ಲಿ ಪ್ರಶ್ನೆಗಳೂ ಸರಿ ಉತ್ತರಗಳೂ ಇದ್ದವು. ಎಂದಿನ ಊಟದ ಹೊತ್ತಿನ ದನಿಯಲ್ಲಿ ಓದತೊಡಗಿದರು.

"ಇನ್ಸುಲಿನ್ ಉತ್ಪತ್ತಿ ಆಗೋದೆಲ್ಲಿ? ಯಕೃತ್ತು, ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಗುಲ್ಮ."

"ಮೇದೋಜೀರಕ ಗ್ರಂಥಿ."

"ಇದನ್ನ ಬರೆದಳಾ, ಕೇಳು."

"ಇಲ್ಲ."

ಇನ್ನೊಂದು ಓದಿದರು. ಅವಳು ಸರಿಯಾಗಿ ಹೇಳಿದಳು. ಅದನ್ನೂ ಬರೆದಿರಲಿಲ್ಲ. ಮತ್ತೊಂದು. ಅದಕ್ಕೆ ಅವಳು, "ಎರಡನೇದು ಅನ್ಸುತ್ತೆ" ಎಂದಳು. ಅದೂ ಸರಿ. ಬರೆದಿರಲಿಲ್ಲ.

"ಗೊತ್ತಿದ್ದಿದ್ದನ್ನ ಯಾಕೆ ಬಿಟ್ಟಳಂತೆ?" ಅವರು ಕೂಗಿದರು. ಕೂಗಿದ್ದು ನನ್ನ ಮೇಲೆ. "ಈಗ ಹೇಗೆ ಪಟಪಟ ಹೇಳ್ತಾಳೆ?"

"ಈಗ ತಪ್ಪಾದ್ರೆ ಹೋಗೋದೇನಿದೆ?" ಎಂದಳು ಮಗಳು.

ಅತ್ತೆಯ ಕೈಯಿಂದ ಚಮಚ ಜಾರಿ ತಟ್ಟೆಗೆ ಬಿತ್ತು. ನಾನು ಎತ್ತಿಕೊಡಲು ಬಾಗಿದೆ. ಬಾಗಿದ್ದರಿಂದ ಇವರ ಮುಖ ನನಗೆ ಕಾಣಲಿಲ್ಲ. ದನಿ ಮಾತ್ರ ಕೇಳಿಸಿತು. ಕೂಗು ಇಳಿದು, ಗಾಜಿಗೆ ಗೆರೆ ಎಳೆದಷ್ಟು ಸಣ್ಣಗಾಗಿತ್ತು.

"ನಾಳೆ ಬೆಳಗ್ಗೆ ನನ್ನ ಜೊತೆ ಅಂಗಡಿಗೆ ಹೊರಡಬೇಕು, ಹೇಳು ಅವಳಿಗೆ."

ನಾನು ಹೇಳಲಿಲ್ಲ. ಮೊಟ್ಟೆ ಅವಳ ತಟ್ಟೆಯಲ್ಲಿ ಹಾಗೇ ಇತ್ತು.

ಮಗಳು ಎದ್ದು, ಕಪಾಟಿನ ಮೇಲಿದ್ದ ಜಾಡಿಯನ್ನು ಎರಡೂ ಕೈಯಲ್ಲಿ ಇಳಿಸಿ ತಂದು ಅಪ್ಪನ ತಟ್ಟೆಯ ಮುಂದಿಟ್ಟಳು. ಭಾರವಾಗಿತ್ತು, ಇಟ್ಟಾಗ ಒಳಗಿನ ಚೂರುಗಳು ಒಮ್ಮೆ ಗಲಗಲ ಎಂದು ಸುಮ್ಮನಾದವು. ಅವಳು ಎದುರಿಗೆ ಕೂತಳು.

"ಅಪ್ಪಾ."

ಇವರು ವಾಡಿಕೆಯಂತೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದೆ. ಅವಳ "ಏನಿಲ್ಲ"ಕ್ಕಾಗಿ ಕಾದೆ. ಅದು ಬರಲಿಲ್ಲ.

"ಹೋದ ವರ್ಷ ತಪ್ಪು ಬರೆದೆ ಅಂತ ನನ್ನ ಜೊತೆ ಮಾತು ಬಿಟ್ರಿ. ಈ ವರ್ಷ ಒಂದೂ ತಪ್ಪು ಬರೆದಿಲ್ಲ ಅಪ್ಪಾ. ಈಗ ಮಾತಾಡ್ತೀರಾ?"